ಅದೇ ಇಳಿಜಾರಿಗೆ

ಬಸವೇಶಣ್ಣಾ,

ಶೆಡ್ ಖಾಲಿ ಐತಿ ಅಂತ ಗಾಬರಿ ಆಗಬ್ಯಾಡ. ನಿನ್ನ ಹಳೇ ಸ್ಪೋರ್ಟ್ಸ್ ಕಾರು ಯಾರೂ ಕದ್ದಿಲ್ಲ, ನಾನಽ ತಗೊಂಡು ಹೊಂಟೇನಿ. ಅದನ್ನ ಕೊಳ್ಳಾಕ ಇವತ್ತು ಹಾನಗಲ್ಲಿನವರು ಬರ್ತಾರಲ್ಲ, ಚಾ ಕೊಟ್ಟು ಕೂಡಿಸು. ಒಲಿ ಮ್ಯಾಲ ಉಪ್ಪಿಟ್ಟು ಐತಿ. ಮೊದಲ ತಿನ್ನು, ಆಮ್ಯಾಲ ನನ್ನ ಬೈ.

ಅವತ್ತು ನೀ ಓಡಸುವಾಗ ಗೊಟಗೋಡಿ ಇಳಿಜಾರಿನ್ಯಾಗ ಬ್ರೇಕ್ ಹತ್ತಲಾರದ, ಹಿಂಭಾಗ ಜೋಲಿ ಹೊಡದು, ಕಾರು ಗೋವಿನಜೋಳದ ಹೊಲಕ್ಕ ಬಿತ್ತು. ನಿನ್ನ ಮುರಿದ ಕಾಲು ಕೂಡಿತು, ಅಂಜಿಕಿ ಹೋಗಲಿಲ್ಲ. ಅವತ್ತಿನಿಂದ ನೀ ಶೆಡ್ಡಿನ ಕಡೆ ಹಾಯ್ದಿಲ್ಲ. "ಮಾರಿ ಕೈ ತೊಳಕೊಳ್ಳೋಣು ತಂಗಿ" ಅಂತೀ. ನಾ ಹಿಂದಿನ ಸ್ಪ್ರಿಂಗು, ಬುಷ್, ಶಾಕ್ ಅಬ್ಸಾರ್ಬರ್ ಎಲ್ಲಾ ಹೊಸಾವು ಕೂಡಿಸೇನಿ. ಮುಂದಿನ ಡ್ರಮ್ ಕಿತ್ತು ಡಿಸ್ಕ್ ಬ್ರೇಕ್ ಹಾಕೇನಿ. ಖರೇನ ಹಿಡೀತಾವೋ ಇಲ್ಲೋ ನೋಡಲಾರದ ಕುಂತಲ್ಲಿ ಕೂಡಾಕ ಆಗವಲ್ದು. ಹಿರೇಬೆಂಡಿಗೇರಿ ದಾರ್ಯಾಗ ಸಾವಕಾಶ ಓಡಿಸಿ, ಆಮ್ಯಾಲ ಅದಽ ಇಳಿಜಾರಿಗೆ ಹೋಗ್ತೇನಿ.

ಬೈಕ್ ತಗೊಂಡು ಬೆನ್ನ ಹತ್ತಬ್ಯಾಡ. ಅವ್ವ ಕೇಳಿದ್ರ ಪ್ಯಾಟಿಗೆ ಹೋಗ್ಯಾಳ ಅನ್ನು.

ಬ್ರೇಕ್ ಹಿಡೀತು ಅಂದ್ರ ಬಾಗಿಲಕ್ಕ ಬಂದು ಹಾರ್ನ್ ಹೊಡೀತೇನಿ. ಚಪ್ಪಲಿ ಹುಡುಕಬ್ಯಾಡ, ಹಂಗಽ ಬಂದು ನನ್ನ ಬಾಜೂಕ ಕೂಡು. ಒಮ್ಮೆ ಇಬ್ಬರೂ ಕೂಡಿ ಇಳಿಯೋಣು. ಆಮ್ಯಾಲೂ ಮಾರೂದಽ ಅಂದ್ರ, ನಾ ಒಲ್ಲೆ ಅನ್ನಂಗಿಲ್ಲ.

ಸುಧಾ