ಕೋಲಿಗೆ ಸ್ನಾನ, ಹೊಲಕ್ಕೆ ಉಪವಾಸ

ನೀರು ಹಂಚಿಕೆ ಕಚೇರಿಯ ಮುಖ್ಯಾಧಿಕಾರಿಗಳ ಸನ್ನಿಧಿಗೆ, ಪತ್ರಿಕೆಯ ಮೂಲಕ

ಮಾನ್ಯರೇ,

ಸಕಲರಿಗೂ ಈ ಮೂಲಕ ತಿಳಿಯಪಡಿಸುವುದೇನೆಂದರೆ, ನಮ್ಮ ಅಕ್ಕ ಕಳೆದ ಗುರುವಾರ ಬೆಳಿಗ್ಗೆ ಆರೂವರೆಯಿಂದ ಜಾರಿಗೆ ಬರುವಂತೆ, ಹೊಲದ ಮೂಲೆಯಲ್ಲಿರುವ ಒಂದು ಕೋಲಿಗೆ ಸ್ನಾನ ಮಾಡಿಸುವುದನ್ನು ನಿಲ್ಲಿಸಿದ್ದಾಳೆ. ಈ ಐತಿಹಾಸಿಕ ನಿರ್ಧಾರವನ್ನು ತಮ್ಮ ಕಚೇರಿಗೆ ಬಾಯಿಮಾತಿನಲ್ಲಿ ಒಮ್ಮೆ, ಬರವಣಿಗೆಯಲ್ಲಿ ಒಮ್ಮೆ ತಿಳಿಸಿದ್ದೇವೆ. ಕಚೇರಿ ನಂಬಿಲ್ಲ. ನಂಬದ ಕಾರಣಕ್ಕೆ ನಮ್ಮ ಎರಡು ಎಕರೆ ಕಡಲೆಕಾಯಿ ಹತ್ತೊಂಬತ್ತು ದಿನದಿಂದ ಹನಿ ನೀರು ಕಂಡಿಲ್ಲ. ಕಾಲುವೆಯಲ್ಲಿ ನೀರು ಬೇಕಾದಷ್ಟಿದೆ. ನಮ್ಮ ತೂಬಿನ ಮುಂದೆಯೇ, ಗುರುತಿಲ್ಲದವರ ಹಾಗೆ ಮುಖ ತಿರುಗಿಸಿಕೊಂಡು ಹೋಗುತ್ತಿದೆ. ಬರುವ ಶನಿವಾರದೊಳಗೆ ತೂಬು ತೆರೆಯದಿದ್ದರೆ ಈ ವರ್ಷದ ಬೆಳೆಯ ಜೊತೆಗೆ, ಅಕ್ಕ ಇಪ್ಪತ್ತಾರು ವರ್ಷದಿಂದ ಕಾಪಾಡಿಕೊಂಡು ಬಂದ ಬೀಜವೂ ಇಲ್ಲವಾಗುತ್ತದೆ. ದೂರು ಇಷ್ಟೇ. ಇನ್ನು ಮುಂದಿನದೆಲ್ಲ ಸಾಕ್ಷ್ಯ.

ಮೊದಲಿಗೆ ಒಂದು ಸ್ಪಷ್ಟನೆ. ನಾನು ವಿಜ್ಞಾನದ ವಿರೋಧಿಯಲ್ಲ. ತಾವು ಬಿತ್ತನೆಗೆ ಮುಂಚೆ ನಡೆಸಿದ ಸಭೆಯಲ್ಲಿ ಮೊದಲ ಸಾಲಿನಲ್ಲಿ ಕೂತು, ಎಲ್ಲರಿಗಿಂತ ಜೋರಾಗಿ ಚಪ್ಪಾಳೆ ತಟ್ಟಿದವನು ನಾನೇ. ಪರದೆಯ ಮೇಲೆ ಬಣ್ಣಬಣ್ಣದ ಗೆರೆಗಳನ್ನು ತೋರಿಸಿ ತಾವು ಹೇಳಿದಿರಿ: ಬೆಳೆ ಮಾದರಿ ಅಂದರೆ ಕಂಪ್ಯೂಟರಿನೊಳಗೆ ಬೆಳೆಯುವ ಒಂದು ಕಡಲೆಕಾಯಿ ಹೊಲ. ಬಿತ್ತಿದ ದಿನ, ಮಣ್ಣಿನ ಗುಣ, ಬಿಸಿಲು, ಗಾಳಿ ಇಷ್ಟನ್ನು ಕೊಟ್ಟರೆ ಗಿಡ ಇವತ್ತು ಎಷ್ಟು ನೀರು ಕುಡಿಯಿತು, ನಾಳೆ ಎಷ್ಟು ಕೇಳುತ್ತದೆ ಎಂದು ಅದು ಲೆಕ್ಕ ಹಾಕುತ್ತದೆ. ಜೊತೆಗೆ ಪ್ರತಿ ಹೊಲದಲ್ಲಿ ಒಂದು ಕೋಲು ನೆಡುತ್ತೇವೆ, ಅದು ಮಣ್ಣಿನ ತೇವವನ್ನು ಗಂಟೆಗೊಮ್ಮೆ ವರದಿ ಮಾಡುತ್ತದೆ. ಇನ್ನು ಮೇಲೆ ಯಾರ ಹೊಲಕ್ಕೂ ಹೆಚ್ಚಿಲ್ಲ, ಕಡಿಮೆಯಿಲ್ಲ. ಎಂಥ ಮಾತು! ಸರದಿ ಬಂತೆಂದು ಬೇಡದಿದ್ದರೂ ನೀರು ಕಟ್ಟಿ, ಬುಡ ಕೊಳೆಸಿಕೊಂಡವರು ನಾವು. ನಮಗೆ ಆ ಮಾತು ಬೇಕಿತ್ತು.

ಮನೆಗೆ ಓಡಿಬಂದು ಅಕ್ಕನಿಗೆ ಹೇಳಿದೆ. ಅಕ್ಕನ ಹತ್ತಿರ ಮೂರು ದೊಡ್ಡ ತಗಡಿನ ಡಬ್ಬಗಳಿವೆ. ಪ್ರತಿ ವರ್ಷ ಕಾಯಿ ಒಣಗಿದ ಮೇಲೆ ಜಗುಲಿಯಲ್ಲಿ ಕಾಲು ಚಾಚಿ ಕೂತು, ಮೂರು ಬೀಜದ ಕಾಯಿಗಳನ್ನೇ ಒಂದೊಂದಾಗಿ ಆರಿಸಿ ಆ ಡಬ್ಬ ತುಂಬುತ್ತಾಳೆ. ಸಣ್ಣ ಬೀಜ, ಕಡುಗೆಂಪು ಸಿಪ್ಪೆ. ಅಂಗಡಿಯಲ್ಲಿ ಸಿಗುವುದಿಲ್ಲ, ಸುತ್ತಮುತ್ತಲಿನವರಿಗೆ ಬೇಕಾದರೂ ನಮ್ಮ ಜಗುಲಿಗೇ ಬರಬೇಕು. ಅಮ್ಮ ಆಕೆಗೆ ಕೊಟ್ಟಿದ್ದು ಒಂದು ಮಡಿಲು. ಆಕೆ ಮಾಡಿದ್ದು ಮೂರು ಡಬ್ಬ. ಎರಡು ಡಬ್ಬ ಬಿತ್ತುವುದು, ಒಂದು ಡಬ್ಬ ಮುಟ್ಟದೆ ಇಡುವುದು, ಇದು ಆಕೆಯ ಕಾನೂನು. ಈ ಕಾನೂನಿಗೆ ತಿದ್ದುಪಡಿ ತಂದವನು ನಾನು.

"ಈ ಸಲ ಮೂರೂ ಬಿತ್ತೋಣ ಅಕ್ಕಾ. ನೀರಿನ ಚಿಂತೆ ಕಂಪ್ಯೂಟರ್ ಮಾಡುತ್ತೆ. ಇನ್ನೇನು ಭಯ?"

"ಕಂಪ್ಯೂಟರ್ ಹೊಲಕ್ಕೆ ಬಂದು ನೋಡುತ್ತೇನೋ?"

"ಅದು ಬರಬೇಕಾಗಿಲ್ಲ. ಕೂತಲ್ಲೇ ಎಲ್ಲಾ ಗೊತ್ತಾಗುತ್ತೆ."

"ನಿನ್ನ ಹಾಗೆ ಅನ್ನು, ಪಂಡಿತ," ಅಂದಳು. ನಾನು ಪತ್ರಿಕೆಗೆ ಬರೆಯುವವನು, ಹೊಲದಲ್ಲಿ ನನ್ನ ದುಡಿಮೆ ಬದುವಿನ ಮೇಲೆ ನಿಂತು ಅಭಿಪ್ರಾಯ ಕೊಡುವುದು, ಎಂಬುದನ್ನು ಆಕೆ ಒಂದೇ ಶಬ್ದದಲ್ಲಿ ಹೇಳುತ್ತಾಳೆ. ಆದರೂ ಮೂರನೆಯ ಡಬ್ಬವನ್ನು ತೆಗೆದುಕೊಟ್ಟಳು. ಕೊಡುವಾಗ ಮುಚ್ಚಳದ ಮೇಲೆ ಕೈ ಒಂದು ಗಳಿಗೆ ಹೆಚ್ಚೇ ನಿಂತಿತ್ತು. ನಾನು ನೋಡಿದೆ, ನೋಡದವನ ಹಾಗಿದ್ದೆ.

ಬಿತ್ತನೆಯ ವಾರದಲ್ಲಿ ತಮ್ಮವರೊಬ್ಬರು ಬಂದು ಕೋಲು ನೆಟ್ಟರು. ಎದೆಯುದ್ದದ ಬಿಳಿ ಕೋಲು, ತಲೆಯ ಮೇಲೆ ಬಿಸಿಲಿನಿಂದ ಕರೆಂಟು ಮಾಡಿಕೊಳ್ಳುವ ಅಂಗೈಯಗಲದ ತಟ್ಟೆ. ಹೋಗುವಾಗ ಅಕ್ಕನಿಗೆ ಹೇಳಿದರು: "ಅಮ್ಮಾ, ಈ ತಟ್ಟೆ ಮೇಲೆ ಧೂಳು ಕೂರಬಾರದು. ಚೆನ್ನಾಗಿ ನೋಡ್ಕೊಳ್ಳಿ. ಇದು ಹೇಳಿದ ಹಾಗೇ ನೀರು ಬರೋದು."

ಮಾನ್ಯರೇ, ನಮ್ಮ ಅಕ್ಕನಿಗೆ ಚೆನ್ನಾಗಿ ನೋಡಿಕೊಳ್ಳಿ ಎಂದು ಹೇಳುವಾಗ ಅಳತೆಯನ್ನೂ ಹೇಳಬೇಕು. ಮಾರನೆಯ ಬೆಳಿಗ್ಗೆಯಿಂದಲೇ ಶುರುವಾಯಿತು. ದಿನಕ್ಕೊಂದು ತುಂಬಿದ ಕೊಡ. ತಲೆಯಿಂದ ಬುಡದವರೆಗೆ ಸ್ನಾನ, ಆಮೇಲೆ ಸೀರೆಯ ಸೆರಗಿನಿಂದ ತಟ್ಟೆ ಒರೆಸುವುದು. ಚಿಕ್ಕವನಿದ್ದಾಗ ನನಗೂ ಅಷ್ಟು ಶ್ರದ್ಧೆಯ ಸ್ನಾನ ಸಿಕ್ಕಿದ್ದು ನೆನಪಿಲ್ಲ. ನಾನು ಬದುವಿನ ಮೇಲೆ ನಿಂತು ಪ್ರತಿದಿನ ನೋಡಿದೆ. ಪಕ್ಕದ ಹೊಲದವರ ಕೋಲಿನ ಮೇಲೆ ಕಾಗೆ ಕೂತಿದ್ದನ್ನು ತೋರಿಸಿ, "ನೋಡು, ನಮ್ಮದು ಎಷ್ಟು ಚೊಕ್ಕ" ಎಂದು ಹೊಗಳಿದೆ. ಆ ಕೊಡದ ನೀರು ಎಲ್ಲಿಗೆ ಇಳಿಯುತ್ತದೆ ಎಂಬ ಪ್ರಶ್ನೆ ಈ ಪಂಡಿತನ ತಲೆಗೆ ಹೊಳೆಯಲಿಲ್ಲ. ಕೋಲಿನ ಬುಡಕ್ಕೆ ಇಳಿಯಿತು. ತೇವ ಅಳೆಯುವ ಮೂಗು ಇರುವುದೂ ಅಲ್ಲೇ.

ಮೊದಲ ಎರಡು ಸರದಿ ಎಲ್ಲರಿಗೂ ಸಮನಾಗಿ ಬಂತು. ಆಮೇಲೆ ಹೊಣೆ ಮಾದರಿಯ ಕೈಗೆ ಹೋಯಿತು. ಪಕ್ಕದ ಹೊಲಕ್ಕೆ ನೀರು ಬಂತು, ಅದರಾಚೆಯ ಹೊಲಕ್ಕೂ ಬಂತು. ನಮಗೆ ಬರಲಿಲ್ಲ. ಕಳೆದ ಗುರುವಾರ ಬೆಳಿಗ್ಗೆ ತೂಬು ತೆಗೆದು ಮುಚ್ಚುವ ನೀರುಗಂಟಿ ತನ್ನ ಹಳೆಯ ಫೋನು ಹಿಡಿದು ಬಂದ. ಆ ಫೋನಿಗೆ ಸಂದೇಶ ಬಂದರೆ ಮಾತ್ರ ತೂಬು ತೆರೆಯಬೇಕೆಂಬುದು ಅವನಿಗೆ ತಮ್ಮ ಆಜ್ಞೆ.

"ಅಕ್ಕಾ, ನಿಮ್ಮ ಹೊಲ ಕೆರೆ ಥರಾ ಇದೆ ಅಂತ ಬರ್ತಾ ಇದೆ. ನೀರು ಬೇಡವಂತೆ."

"ಎಲ್ಲಿದೆಯೋ ಕೆರೆ? ತೋರ್ಸು, ಈ ವಯಸ್ಸಲ್ಲಿ ನಾನೂ ಈಜು ಕಲೀತೀನಿ."

ಅವನು ಹೊಲ ನೋಡಿದ. ಬಿರುಕು. ಕೋಲು ನೋಡಿದ. ಅದರ ಸುತ್ತ ಮಾತ್ರ ಒಂದು ಮೊಳ ಹಸಿರು ಹುಲ್ಲು, ರಾಜೋದ್ಯಾನದ ಹಾಗೆ.

"ಅಲ್ಲಾ, ಇದರ ಬುಡ ಯಾಕೆ ಒದ್ದೆ ಇದೆ?"

"ದಿನಾ ತೊಳೀತೀನಲ್ಲಪ್ಪ."

ಅಕ್ಕನ ಸೊಂಟದ ಮೇಲೆ ತುಂಬಿದ ಕೊಡ ಇತ್ತು. ಅದನ್ನು ಕೆಳಗಿಟ್ಟಳು. ನನ್ನ ಮುಖ ನೋಡಲಿಲ್ಲ. ಅದೇ ನನಗೆ ಹೆಚ್ಚು ಕಷ್ಟವಾಯಿತು.

ತಪ್ಪು ನಮ್ಮದೇ. ಒಪ್ಪಿಕೊಳ್ಳುತ್ತೇನೆ, ಬೇಕಾದರೆ ಈ ಪುಟದಲ್ಲಿ ದಪ್ಪ ಅಕ್ಷರದಲ್ಲಿ ಅಚ್ಚು ಮಾಡಿಸುತ್ತೇನೆ. ಆ ದಿನವೇ ಸ್ನಾನ ನಿಲ್ಲಿಸಿದೆವು. ಎರಡೇ ದಿನದಲ್ಲಿ ಆ ಬಿಸಿಲಿಗೆ ಬುಡ ಒಣಗಿ, ಕೋಲು ಮೊದಲ ಬಾರಿಗೆ ನಿಜ ಹೇಳಿತು. ಇನ್ನು ನೀರು ಬರುತ್ತದೆಂದು ಕಾದೆವು. ಬರಲಿಲ್ಲ. ಸೋಮವಾರ ನಾನೇ ತಮ್ಮ ಕಚೇರಿಗೆ ಬಂದೆ. ತಮ್ಮ ಕೋಣೆಯಲ್ಲಿ ಫ್ಯಾನು ತಿರುಗುತ್ತಿತ್ತು, ಮೇಜಿನ ಮೇಲೆ ಕನ್ನಡಕ ಇತ್ತು, ಕುರ್ಚಿಯೂ ಇನ್ನೂ ಸ್ವಲ್ಪ ತಿರುಗುತ್ತಿತ್ತು. ತಾವು ಮಾತ್ರ ಇರಲಿಲ್ಲ. ಬಾಗಿಲಲ್ಲಿದ್ದವರು "ಮೀಟಿಂಗ್" ಎಂದರು. ಹಿಂಬಾಗಿಲಲ್ಲಿ ಮೀಟಿಂಗ್ ನಡೆಯುವುದನ್ನು ನಾನು ಮೊದಲ ಸಲ ಕೇಳಿದ್ದು.

ಪಕ್ಕದ ಕೋಣೆಯಲ್ಲಿ ಮಾದರಿ ನೋಡಿಕೊಳ್ಳುವ ಮೇಡಂ ಇದ್ದರು. ಒಳ್ಳೆಯವರು. ಕುರ್ಚಿ ಎಳೆದುಕೊಟ್ಟು, ನಮ್ಮ ಹೊಲವನ್ನು ಪರದೆಯ ಮೇಲೆ ತೆರೆದರು. ತೇವದ ನೀಲಿ ಗೆರೆ ವಾರಗಟ್ಟಲೆ ನೆಟ್ಟಗೆ ಮೇಲಿದ್ದು, ಗುರುವಾರದಿಂದ ಬಾವಿಗೆ ಬಿದ್ದಂತೆ ಇಳಿದಿತ್ತು.

"ನೋಡಿ ಸರ್, ಇಷ್ಟು ಬೇಗ ಯಾವ ಹೊಲವೂ ಒಣಗಲ್ಲ. ಅದಕ್ಕೇ ಮಾದರಿ ಇದನ್ನ ಅನುಮಾನದ ಅಂಕಿ ಅಂತ ಪಕ್ಕಕ್ಕೆ ಇಟ್ಟಿದೆ. ಹಳೆ ಅಂಕಿಯನ್ನೇ ಮುಂದುವರಿಸ್ತಾ ಇದೆ."

"ಹೊಲ ಯಾವತ್ತೋ ಒಣಗಿದೆ ಮೇಡಂ. ಈಗ ಒಣಗಿದ್ದು ಕೋಲು."

ಸ್ನಾನದ ಕತೆ ಹೇಳಿದೆ. ಅವರು ನಗಲಿಲ್ಲ, ಅದು ಅವರ ದೊಡ್ಡತನ.

"ಅಂದ್ರೆ ಅದು ಸುಳ್ಳು ಹೇಳಿದಾಗ ನೀವು ನಂಬಿದ್ರಿ. ನಿಜ ಹೇಳೋಕೆ ಶುರು ಮಾಡಿದ ಮೇಲೆ ಅನುಮಾನ ಪಡ್ತಾ ಇದೀರಿ?" ಎಂದು ಕೇಳಿದೆ.

"ಹಾಗಲ್ಲ ಸರ್," ಎಂದರು. ಪರದೆ ನೋಡಿದರು. "ಹೌದು. ಹಾಗೇ."

ಅದೇ ಪರದೆಯ ಮೂಲೆಯಲ್ಲಿ ಕೆಂಪು ಅಕ್ಷರದಲ್ಲಿ ಇನ್ನೊಂದು ಸಾಲಿತ್ತು: ಊಡು ಇಳಿಯುವ ಹಂತ, ನೀರಿನ ಕೊರತೆ ಆಗಬಾರದು. ಪತ್ರಿಕೆ ಓದುವ ಪಟ್ಟಣದವರಿಗಾಗಿ ಹೇಳುತ್ತೇನೆ: ಕಡಲೆಕಾಯಿ ಹೂ ಬಿಡುವುದು ಮೇಲೆ, ಕಾಯಿ ಕಟ್ಟುವುದು ನೆಲದೊಳಗೆ. ಹೂ ಬಾಡಿದ ಮೇಲೆ ಅಲ್ಲಿಂದ ಸೂಜಿಯಂಥ ಒಂದು ಊಡು ಹೊರಟು ನೆಲಕ್ಕೆ ಇಳಿಯುತ್ತದೆ. ಮಣ್ಣು ಮೆತ್ತಗಿದ್ದರೆ ಒಳಗೆ ಹೋಗಿ ಕಾಯಾಗುತ್ತದೆ. ಮಣ್ಣು ಕಲ್ಲಾಗಿದ್ದರೆ ಬಾಗಿಲು ತಟ್ಟಿ ತಟ್ಟಿ ತುದಿ ಒಣಗಿ ಸಾಯುತ್ತದೆ. ತಮ್ಮ ಮಾದರಿಗೆ ಇದೆಲ್ಲ ಗೊತ್ತು! ಗಿಡಕ್ಕೆ ಎಂದು, ಎಷ್ಟು ನೀರು ಬೇಕು ಎಂಬುದನ್ನು ನನಗಿಂತ, ಬಹುಶಃ ಅಕ್ಕನಿಗಿಂತಲೂ ಚೆನ್ನಾಗಿ ಬಲ್ಲದು. ಆ ನೀರು ಗಿಡಕ್ಕೆ ಸಿಕ್ಕಿತೇ ಎಂಬುದೊಂದನ್ನು ಮಾತ್ರ ಅರಿಯದು. ಅದನ್ನು ಅರಿಯಲು ಒಬ್ಬ ಮನುಷ್ಯ, ಎರಡು ಕಾಲು, ಒಂದು ಬೆರಳು ಸಾಕು. ಇಷ್ಟು ದೊಡ್ಡ ಕಚೇರಿಯಲ್ಲಿ ಒಂದು ಬೆರಳಿಗೆ ಬಿಡುವಿಲ್ಲವೇ?

ಸ್ಥಳ ಪರಿಶೀಲನೆಗೆ ಹದಿನೆಂಟು ದಿನ ಬೇಕಂತೆ. ಊಡುಗಳಿಗೆ ಈ ಸುತ್ತೋಲೆ ತಲುಪಿಸುವುದು ಹೇಗೆ? ತಾಯಂದಿರೇ, ಹದಿನೆಂಟು ದಿನ ಗಾಳಿಯಲ್ಲೇ ನೇತಾಡುತ್ತಿರಿ, ಸಾಹೇಬರು ಬರುತ್ತಾರೆ ಎಂದು ನಾನು ಸಾಲು ಸಾಲಿಗೂ ಹೋಗಿ ಓದಿ ಹೇಳಲೇ? ಹೇಳಬಲ್ಲೆ, ನನಗೆ ಬರುವ ಕೆಲಸ ಅದೊಂದೇ. ಮುಖ್ಯಾಧಿಕಾರಿಗಳ ಒಂದು ಸಹಿ ಇದ್ದರೆ ಅಂಕಿಯನ್ನು ಇವತ್ತೇ ಕೈಯಿಂದ ತಿದ್ದಬಹುದು ಎಂದೂ ಮೇಡಂ ಹೇಳಿದರು. ಅರ್ಜಿ ಬರೆದು ತಮ್ಮ ಕನ್ನಡಕದ ಕೆಳಗಿಟ್ಟು ಬಂದೆ. ಕನ್ನಡಕ ಎತ್ತದೆ ತಾವು ಈ ಎರಡು ದಿನ ಏನು ಓದಿದಿರೋ ತಿಳಿಯದು.

ನಿನ್ನೆ ಬೆಳಿಗ್ಗೆ ಅಕ್ಕ ಒಂದು ಗಿಡವನ್ನು ಪಕ್ಕಕ್ಕೆ ಬಾಗಿಸಿ ನನ್ನನ್ನು ಕರೆದಳು. ಹನ್ನೆರಡು ಊಡುಗಳಲ್ಲಿ ನಾಲ್ಕರ ತುದಿ ಕಪ್ಪಾಗಿತ್ತು. ಉಳಿದವು ನೆಲ ಮುಟ್ಟಿ ಬಾಗಿ ನಿಂತಿದ್ದವು. ನಾನು ಬೆರಳಿನಿಂದ ಮಣ್ಣು ಒತ್ತಿದೆ, ಉಗುರು ಮುರಿಯಿತು.

"ಎಷ್ಟು ದಿನ ತಡೆಯುತ್ತೆ?"

"ಶನಿವಾರ," ಎಂದಳು. ಆಕೆಗೂ ಒಂದು ಮಾದರಿ ಇದೆ, ತಲೆಯೊಳಗೆ. ಇಪ್ಪತ್ತಾರು ವರ್ಷದ ಅಂಕಿ ಅದರಲ್ಲಿದೆ.

ಆಮೇಲೆ ಕೊಡ ಎತ್ತಿಕೊಂಡಳು. ಕೋಲಿಗೆ ಹೋಗುತ್ತಿದ್ದ ನೀರು ಈಗ ಮೊದಲ ಮೂರು ಸಾಲಿಗೆ ಹೋಗುತ್ತಿದೆ, ಮನೆಯ ನಲ್ಲಿಯಿಂದ, ಸೊಂಟದ ಮೇಲೆ. ನಾನೂ ಹೊತ್ತೆ. ಮೂರು ಸಾಲಿಗೆ ಮೂವತ್ತು ಕೊಡ. ಅದಕ್ಕಿಂತ ಹೆಚ್ಚು ನಲ್ಲಿಯಲ್ಲೂ ಇಲ್ಲ, ನಮ್ಮಲ್ಲೂ ಇಲ್ಲ. "ಇಷ್ಟು ಉಳಿದ್ರೆ ಒಂದು ಡಬ್ಬದ ತಳ ಮುಚ್ಚುತ್ತೆ," ಎಂದಳು. ಮನೆಯಲ್ಲಿ ಆ ಮೂರು ಡಬ್ಬಗಳನ್ನು ತೊಳೆದು ಬೋರಲು ಹಾಕಿದ್ದಾಳೆ. ನಾನು ಅವುಗಳ ಪಕ್ಕದಲ್ಲಿ ಕೂತು ಈ ಪತ್ರ ಬರೆಯುತ್ತಿದ್ದೇನೆ. ಮೂರನೆಯದನ್ನು ನಾನು ಕೇಳಿ ತೆಗೆಸಿದ್ದು ಎಂದು ಆಕೆ ಇಲ್ಲಿಯವರೆಗೆ ಒಂದು ಸಲವೂ ಆಡಿಲ್ಲ. ಬೈದಿದ್ದರೆ ಈ ಪತ್ರ ಇಷ್ಟು ಉದ್ದವಾಗುತ್ತಿರಲಿಲ್ಲ.

ನೀರುಗಂಟಿಯನ್ನೂ ಕೇಳಿ ನೋಡಿದೆ. "ಕೀಲಿ ನನ್ನ ಹತ್ರಾನೇ ಇದೆ ಅಣ್ಣಾ. ಸಂದೇಶ ಇಲ್ಲದೆ ತಿರುಗಿಸಿದ್ರೆ ನಾಳೆ ಕೀಲಿನೂ ಇರಲ್ಲ, ನಾನೂ ಇರಲ್ಲ," ಎಂದು ನೆಲ ನೋಡಿದ. ಅವನನ್ನು ದೂರುವುದಿಲ್ಲ. ಅವನ ಕೆಲಸ ಕಿತ್ತು ನಮ್ಮ ಬೀಜ ಉಳಿಸಿಕೊಳ್ಳುವುದು ಅಕ್ಕನಿಗೂ ಬೇಡ.

ಆದುದರಿಂದ, ಮಾನ್ಯರೇ, ನಮ್ಮ ಬೇಡಿಕೆ: ಮಾದರಿಯನ್ನು ಕಿತ್ತೊಗೆಯಬೇಡಿ. ಅದು ಅನುಮಾನ ಪಟ್ಟ ದಿನವೇ ಒಬ್ಬ ಮನುಷ್ಯ ಹೊಲಕ್ಕೆ ಬಂದು ಬೆರಳಿಟ್ಟು ನೋಡುವ ಹಾಗೆ ಮಾಡಿ. ಕೋಲು ನೆಡುವವರು ತಟ್ಟೆಯನ್ನು ಒಣಬಟ್ಟೆಯಲ್ಲಿ ಒರೆಸಿ ಎಂದು ಹೇಳಿಕೊಡಲಿ. ಇವೆರಡೂ ಮುಂದಿನ ಸಭೆಗೆ ಕಾಯಬಹುದು. ಕಾಯಲಾಗದ್ದು ಒಂದೇ: ಶನಿವಾರದೊಳಗೆ ನಮ್ಮ ಹೊಲದ ನಾಲ್ಕನೆಯ ತೂಬಿಗೆ ಆರು ಗಂಟೆ ಕಾಲ ನೀರು. ಒಂದು ಸಹಿ.

ಸಹಿ ಮಾಡಿದ ಮೇಲೆ ಒಂದು ಸಣ್ಣ ಉಪಕಾರ. ನೀರುಗಂಟಿಯ ಫೋನು ಹಳೆಯದು, ಮಧ್ಯಾಹ್ನ ಮೂರರ ಮೇಲೆ ಅದರಲ್ಲಿ ಚಾರ್ಜು ನಿಲ್ಲುವುದಿಲ್ಲ. ದಯವಿಟ್ಟು ಸಂದೇಶವನ್ನು ಮೂರರೊಳಗೆ ಕಳಿಸಿ.

ಇಂತಿ,
ಮೂರನೆಯ ಡಬ್ಬ ತೆಗೆಸಿದ ತಮ್ಮ,
ಸದ್ಯ ಕೊಡ ಹೊರುವ ಪಂಡಿತ