ದಾಕ್ಷಾಯಣಿ ಮಟ್ಟ

ಬಿಸಿಲು ಶಕೆ ತೊಂಬತ್ತೊಂದು, ಎರಡನೆಯ ವೈಶಾಖ, ಮೂವತ್ತೆಂಟನೆಯ ತಾರೀಕು
ಗದಗ

ಪೂಜ್ಯ ಎನ್ನಲೋ ಚಿರಂಜೀವಿ ಎನ್ನಲೋ ತಿಳಿಯದ ದಾಕ್ಷಾಯಣಿಗೆ,

ಈ ತಾರೀಕು ನಿನ್ನ ಕ್ಯಾಲೆಂಡರಿನಲ್ಲಿ ಸಿಗುವುದಿಲ್ಲ, ಹುಡುಕಬೇಡ. ನಮ್ಮಲ್ಲಿ ವೈಶಾಖ ಮುಗಿಯುವುದೇ ಇಲ್ಲವಾದ್ದರಿಂದ ಅದನ್ನು ಎರಡು ಸಲ ಎಣಿಸುತ್ತೇವೆ, ಎರಡನೆಯದನ್ನು ಮಳೆ ಬರುವವರೆಗೂ ಎಣಿಸುತ್ತಲೇ ಇರುತ್ತೇವೆ. ನನ್ನ ಮಾತಿನಲ್ಲಿ ನಿನಗೆ ಗೊತ್ತಿಲ್ಲದ ಶಬ್ದಗಳು ಬರುತ್ತವೆ, ಅದಕ್ಕೆ ಕ್ಷಮೆ ಇರಲಿ. ಈ ಕಾಗದದಲ್ಲಿ ನಾನು ಕೇಳುವ ಕ್ಷಮೆ ಅದೊಂದೇ. ನೀನು ನನ್ನ ಮುತ್ತಜ್ಜಿಯ ಅಜ್ಜಿ. ಆದರೆ ಇದು ನಿನ್ನ ಕೈಸೇರುವಾಗ ನಿನಗೆ ಮೂವತ್ತಮೂರು, ನನಗೀಗ ನಲವತ್ತು. ಅಜ್ಜಿಯನ್ನು ನಮ್ಮ ಕಡೆ ಏಕವಚನದಲ್ಲೇ ಕರೆಯುತ್ತೇವೆ, ಕಿರಿಯಳನ್ನೂ ಹಾಗೆಯೇ. ಹೇಗೆ ನೋಡಿದರೂ ನೀನು ನನಗೆ ‘ನೀನು’. ಅಲ್ಲದೆ ಸಿಟ್ಟಿನಲ್ಲಿ ನನಗೆ ಬಹುವಚನ ಬರುವುದಿಲ್ಲ.

ನನ್ನ ಹೆಸರು ನೆರಳವ್ವ. ನಗಬೇಡ. ದೊಡ್ಡ ಬಿಸಿಲು ಶುರುವಾದ ಮೇಲೆ ಮಕ್ಕಳಿಗೆ ತಂಪಾದ ಹೆಸರಿಡುವುದು ರೂಢಿಯಾಯಿತು. ನಮ್ಮ ಓಣಿಯೊಂದರಲ್ಲೇ ಇಬ್ಬರು ಮೋಡಪ್ಪಂದಿರಿದ್ದಾರೆ. ಈ ಕಾಗದವನ್ನು ಹಿಂದೋಲೆ ಎನ್ನುತ್ತಾರೆ, ಕಾಲದ ಹರಿವಿಗೆ ಎದುರಾಗಿ ಹೋಗುವ ಓಲೆ. ಅದು ಹೇಗೆ ಹೋಗುತ್ತದೆ ಎಂದು ನನ್ನನ್ನು ಕೇಳಬೇಡ. ನಿನ್ನ ಕೈಯ ಫೋನು ಹೇಗೆ ಮಾತಾಡುತ್ತದೆಂದು ನಿನಗೂ ಗೊತ್ತಿರಲಿಕ್ಕಿಲ್ಲ. ಒಂದು ಮನೆತನಕ್ಕೆ ಒಂದು ತಲೆಮಾರಿನಲ್ಲಿ ಒಂದೇ ಓಲೆ, ಅದೂ ರಕ್ತಸಂಬಂಧದವರಿಗೆ ಮಾತ್ರ. ಜನ ಇದರಲ್ಲಿ ಆ ಹೊಲ ಮಾರಬೇಡ ಎಂದೋ, ಆ ಹುಡುಗನನ್ನು ಕಟ್ಟಿಕೊಳ್ಳಬೇಡ ಎಂದೋ ಬರೆಯುತ್ತಾರೆ. ನಮ್ಮ ಮನೆಯ ಸರದಿಯನ್ನು ನಾನು ನಿನ್ನನ್ನು ಬಯ್ಯಲು ಬಳಸುತ್ತಿದ್ದೇನೆ.

ನಮ್ಮಲ್ಲಿ ಶಾಲೆಗಳಿಲ್ಲ. ಮಕ್ಕಳು ಶಾಲೆಯ ದಾರಿಯಲ್ಲಿ ಬಿಸಿಲಿಗೆ ಕುಸಿದು ಬೀಳತೊಡಗಿದಾಗ ಎಲ್ಲ ಶಾಲೆ ಮುಚ್ಚಿ, ಮನೆಮನೆಯೂ ಶಾಲೆ ಎಂದು ಸಾರಿದರು. ನಸುಕಿನಲ್ಲಿ ನೀರಿನ ಪಾಳಿ. ಬಂದ ನೀರನ್ನು ಕುಡಿಯಲು ಇಷ್ಟು, ಬೇಯಿಸಲು ಇಷ್ಟು, ತೊಳೆಯಲು ಇಷ್ಟು ಎಂದು ಹಂಚಿಟ್ಟು, ಒಲೆಯ ಮೇಲೆ ನವಣೆಗೆ ಎಸರಿಟ್ಟು, ಕಸ ಹೊಡೆದು, ಮಕ್ಕಳನ್ನು ಎಬ್ಬಿಸಬೇಕು. ಬಿಸಿಲೇರುವ ಮೊದಲು ಎಲ್ಲರೂ ನೆಲಮನೆಗೆ ಇಳಿಯುತ್ತೇವೆ. ನೆಲಮನೆ ಎಂದರೆ ಮನೆಯ ಕೆಳಗೆ ತೋಡಿದ ಕೋಣೆ, ಒಲೆಯೊಂದು ಬಿಟ್ಟು ಹಗಲಿನ ಸಂಸಾರವೆಲ್ಲ ಅಲ್ಲೇ. ಅಲ್ಲಿ ಮಗಳು ಹನಿಗೆ ಭಿನ್ನರಾಶಿ, ಅವಳ ಅವಳಿ ತಮ್ಮಂದಿರಿಗೆ ಕಾಗುಣಿತ, ನಡುನಡುವೆ ಕೌದಿ. ಹಳೆಯ ಸೀರೆಯ ತುಂಡುಗಳನ್ನು ಜೋಡಿಸಿ ಹೊಲಿಯುವ ಈ ಕೈಕೆಲಸ ನಿನ್ನದೂ ಹೌದು. ನೀನು ಹೊದೆಯಲು, ಗೋಡೆಗೆ ತೂಗುಹಾಕಿ ಚಂದ ನೋಡಲು ಹೊಲಿದೆ. ನಾವು ಓಣಿಯ ಮೇಲೆ ಚಪ್ಪರದಂತೆ ಕಟ್ಟಲು ಹೊಲಿಯುತ್ತೇವೆ. ಪ್ರತಿ ಮನೆಯೂ ವರ್ಷಕ್ಕೊಂದು ನೆರಳುಕೌದಿ ಕೊಡಬೇಕು. ಕೊಡದಿದ್ದರೆ ಓಣಿಯ ಅಷ್ಟು ಭಾಗ ಬಿಸಿಲಿಗೆ ಬಿದ್ದು ನೆರೆಯವಳ ಕೂಸಿನ ಕಾಲು ಸುಡುತ್ತದೆ. ಕೆಲಸ ಹೆಚ್ಚಾಯಿತೆಂದು ನಾನು ಗೋಳಾಡುತ್ತಿಲ್ಲ. ಕಾಗುಣಿತ ತಿದ್ದಿಸುವುದೂ ನನಗಿಷ್ಟ, ಸೂಜಿ ಹಿಡಿಯುವುದೂ ಇಷ್ಟ. ನನ್ನ ಸಿಟ್ಟೆಲ್ಲ ಅಳತೆಯ ಮೇಲೆ.

ಮನೆಯೇ ಶಾಲೆಯಾದ ಮೇಲೆ, ಒಬ್ಬ ಹೆಂಗಸು ಒಂದು ದಿನದಲ್ಲಿ ಎಷ್ಟು ಮಾಡಬಲ್ಲಳು ಎಂಬ ಪ್ರಶ್ನೆ ಎದ್ದಿತು. ಒಂದು ಸಮಿತಿ ಕೂತಿತು. ಅದರಲ್ಲಿದ್ದ ಯಾರೂ ತಮ್ಮ ಮನೆಯ ಅಡುಗೆಮನೆಗೆ ಹೋಗಿ ನೋಡಲಿಲ್ಲ. ಹಳೆಯ ಕಾಲದ ಸಾಕ್ಷಿ ಬೇಕೆಂದರು. ದೊಡ್ಡ ಬಿಸಿಲಿನಲ್ಲಿ ನಿಮ್ಮ ಕಾಲದ ವಿಡಿಯೋಗಳು ಬಹುಪಾಲು ಅಳಿಸಿಹೋಗಿದ್ದವು. ಉಳಿದವುಗಳಲ್ಲಿ ನಿನ್ನವು ಇದ್ದವು, ರಾಶಿರಾಶಿ. ಗುಡಿಸಿ ಸಾರಿಸಿದ ಮನೆ, ನಾಲ್ಕು ಮಕ್ಕಳು, ಮನೆಯಲ್ಲೇ ಅವರ ಪಾಠ, ಹೊತ್ತುಹೊತ್ತಿಗೆ ಬಿಸಿ ಊಟ, ತೊಡೆಯ ಮೇಲೆ ಕೌದಿ, ಮುಡಿಯಲ್ಲಿ ಬಾಡದ ಹೂವು. ಪ್ರತಿ ವಿಡಿಯೋದ ಕೊನೆಗೆ ನಕ್ಕು ಹೇಳುತ್ತೀ: “ಎಲ್ಲಾ ನಾ ಒಬ್ಬಾಕಿನ ಮಾಡ್ತೀನ್ರಿ. ಟೈಮ್ ಹೊಂದಿಸ್ಕೊಂಡ್ರ ಯಾವುದೂ ಕಷ್ಟ ಅಲ್ಲ.” ಸಮಿತಿಗೆ ಅಷ್ಟು ಸಾಕಾಯಿತು. ನಿನ್ನ ಒಂದು ದಿನದ ಕೆಲಸವನ್ನೇ ಮಟ್ಟವೆಂದು ಗೊತ್ತುಮಾಡಿ, ಅದಕ್ಕೆ ದಾಕ್ಷಾಯಣಿ ಮಟ್ಟ ಎಂದು ಹೆಸರಿಟ್ಟರು. ಸೇರು, ಗಜ ಎಂದಂತೆ ನೀನೀಗ ಒಂದು ಅಳತೆ. ಅತ್ತೆಯಂದಿರು ಸೊಸೆಗೆ ಮುಕ್ಕಾಲು ದಾಕ್ಷಾಯಣಿಯೂ ಇಲ್ಲ ಎಂದು ಚುಚ್ಚುತ್ತಾರೆ. ನಾನು ನಿನ್ನ ವಂಶದವಳೆಂದು ಗೊತ್ತಾದ ಕಡೆಯಲ್ಲೆಲ್ಲ ನನಗೆ ಎರಡು ಪಟ್ಟು ಚುಚ್ಚುತ್ತಾರೆ.

ಇನ್ನೂ ಕೇಳು. ನಿನ್ನ ವಿಡಿಯೋಗಳ ಹಿನ್ನೆಲೆಯಲ್ಲಿ ಒಂದು ಸದ್ದು ಇದೆ, ಟಪ ಟಪ ಟಪ ಎಂದು ಸಮನಾಗಿ ಬಡಿಯುವುದು. ಅದೇನೆಂದು ಯಾರಿಗೂ ತಿಳಿಯಲಿಲ್ಲ. ಪಂಡಿತರು ಕೂತು ಅದು ಹೊತ್ತು ಹೊಂದಿಸಿಕೊಳ್ಳಲು ನೀನು ಇಟ್ಟುಕೊಂಡಿದ್ದ ತಾಳ ಎಂದು ತೀರ್ಮಾನಿಸಿದರು. ಒಂದು ಕಡೆ ನೀನು ಕತ್ತು ಹೊರಳಿಸಿ “ಕಾಶವ್ವಕ್ಕಾ, ಸ್ವಲ್ಪ ತಡಿ” ಎನ್ನುತ್ತೀ. ಕಾಶವ್ವ ಎಂದರೆ ಕಾಲವನ್ನು ತಡೆಯುವ ಮನೆದೇವತೆ ಎಂದರು. ಆ ಮೂರು ಮಾತುಗಳನ್ನು ಬರೆಸಿ ಪ್ರತಿ ಒಲೆಯ ಮೇಲೆ ತೂಗುಹಾಕಿಸಿದ್ದಾರೆ. ನಾನೂ ಬೆಳಿಗ್ಗೆದ್ದು ಅದಕ್ಕೆ ಕೈಮುಗಿಯುತ್ತಿದ್ದೆ.

ಮನೆಯನ್ನು ಒರೆಗೆ ಹಚ್ಚಲು ಬರುವವಳು ಒರೆಗಾರ್ತಿ. ನಮ್ಮ ಓಣಿಗೆ ಸುಶೀಲಕ್ಕ ಬರುತ್ತಾರೆ. ಮೂಲೆಯಲ್ಲಿ ಕೂತು ನಿನ್ನ ವಿಡಿಯೋದ ಆ ತಾಳ ಹಚ್ಚುತ್ತಾರೆ, ನಾವು ಅದಕ್ಕೆ ಸರಿಯಾಗಿ ದಿನ ನಡೆಸಿ ತೋರಿಸಬೇಕು. ಒಂದೇ ಕಟ್ಟಪ್ಪಣೆ: ಇನ್ನೊಬ್ಬರ ಕೈ ತಾಗಬಾರದು. ಎರಡನೆಯ ಕೈ ಎಲ್ಲಿ ತಾಗಿತೋ ಅಲ್ಲಿ ಮಟ್ಟ ಇಳಿಯಿತು. ಅದಕ್ಕೇ ನನ್ನ ಗಂಡ ಸಂಗಣ್ಣ, ದಿನವೂ ನೀರು ಹೊತ್ತು ಕೊಡುವವನು, ಆವತ್ತು ಮಾತ್ರ ಪಕ್ಕದ ಮನೆಯಲ್ಲಿ ಕಳ್ಳನ ಹಾಗೆ ಕೂತಿರುತ್ತಾನೆ. ಕಳೆದ ಒರೆಯ ದಿನ ಅವಳಿಗಳು ಬಳಪಕ್ಕಾಗಿ ಜಗಳ ತೆಗೆದು ಒಬ್ಬನ ಹಣೆ ಒಡೆಯಿತು. ಅವನನ್ನು ಎತ್ತಿಕೊಂಡು ರಕ್ತ ಒರೆಸುತ್ತ, ಇನ್ನೊಂದು ಕೈಯಲ್ಲಿ ಸೂಜಿ ಹಿಡಿದಿದ್ದೆ. ಮೇಲೆ ಒಲೆಯಲ್ಲಿ ಗಡಿಗೆ ಸೀಯುವ ವಾಸನೆ ಬಂತು. ಹನಿ ಪಾಠ ಬಿಟ್ಟು ಓಡಿಹೋಗಿ ಗಡಿಗೆಯನ್ನು ಇಳಿಸಿದಳು. ಎಂಟು ವರ್ಷದ ಹುಡುಗಿ, ಯಾರೂ ಹೇಳದೆ, ಸೆರಗಿಲ್ಲದ್ದಕ್ಕೆ ಲಂಗದ ಅಂಚಿನಲ್ಲಿ ಹಿಡಿದು ಇಳಿಸಿದಳು. ನಮ್ಮ ಮಟ್ಟ ಬಿದ್ದದ್ದು ಅದರಿಂದ, ಅದೂ ಮೂರನೆಯ ಸಲ.

ಮೂರು ಸಲ ಮಟ್ಟ ಬಿದ್ದ ಮನೆಯಿಂದ ಒಂದು ಮಗುವನ್ನು ಒಯ್ಯುತ್ತಾರೆ. ಅದಕ್ಕೆ ಹೊರೆ ಇಳಿಸುವುದು ಎಂಬ ಮೆತ್ತನೆಯ ಹೆಸರಿದೆ. ತಾಯಿಯ ಮೇಲಿನ ಕರುಣೆಯಂತೆ. ಹನಿಯನ್ನು ಬೀದರಿನ ಆಚೆಯ ಒಂದು ತುಂಬುಮನೆಗೆ, ಎಂದರೆ ಮಟ್ಟ ಮುಟ್ಟಿದ ಯಾವುದೋ ಮನೆಗೆ, ಹದಿನಾರು ತುಂಬುವವರೆಗೆ ಒಪ್ಪಿಸಬೇಕು. ನಾಡಿದ್ದು ನಸುಕಿನಲ್ಲಿ ಬಂಡಿ ಬರುತ್ತದೆ. ಹೊರಡುವ ಸುದ್ದಿ ತಿಳಿಸಿದ ದಿನ ಅವಳು ಅಳಲಿಲ್ಲ. ಒಂದೇ ಮಾತು ಕೇಳಿದಳು: “ಯವ್ವಾ, ನಾ ಆವತ್ತ ಗಡಿಗಿ ಇಳಸದಿದ್ರ ಇಲ್ಲೇ ಇರ್ತಿದ್ನೇನ?” ದಾಕ್ಷಾಯಣಿ, ಇದಕ್ಕೆ ಏನು ಹೇಳಬೇಕಿತ್ತು? ನೀನೇ ಹೇಳು.

ಹೋಗುವ ಮಗುವಿಗೆ ಏನಾದರೂ ಹೊಸತು ಉಣ್ಣಿಸೋಣ ಎಂದು ಸಂಗಣ್ಣ ತಾನು ಕಾಯುವ ಬೀಜದ ಹೊಲದಿಂದ ಒಂದಿಷ್ಟು ಜೋಳ ಕೇಳಿ ತಂದ. ಜೋಳ ನಮ್ಮ ನೆಲ ಬಿಟ್ಟು ಹೋಗಿ ಮೂರು ತಲೆಮಾರಾಗಿತ್ತು, ಈಗಷ್ಟೇ ಮತ್ತೆ ಬೆಳೆಸುತ್ತಿದ್ದಾರೆ. ರೊಟ್ಟಿಯನ್ನು ನಾವು ನಿನ್ನ ವಿಡಿಯೋದಲ್ಲಿ ಬುಟ್ಟಿಯೊಳಗೆ ನೋಡಿದ್ದೆವೇ ಹೊರತು ಮಾಡುವುದನ್ನು ಕಂಡವರಿಲ್ಲ. ಅದು ಅಚ್ಚಿನಿಂದ ಬರುತ್ತದೆಂದು ತಿಳಿದಿದ್ದೆವು. ಓಣಿಯ ಒಬ್ಬ ಮುದುಕಿ ತನ್ನ ಅಜ್ಜಿ ಹೇಳಿದ್ದನ್ನು ನೆನಪು ಮಾಡಿಕೊಂಡು ಹೇಳಿದಳು, ಕುದಿನೀರಿನಲ್ಲಿ ಹಿಟ್ಟು ನಾದಿ, ಹಲಗೆಯ ಮೇಲಿಟ್ಟು ಅಂಗೈಯಿಂದ ಬಡಿಯಬೇಕಂತೆ. ಮೊದಲೆರಡು ಹರಿದವು. ಮೂರನೆಯದಕ್ಕೆ ಕೈ ಕೂಡಿ ಬಂತು. ಕೆಳಗೆ ಭಿನ್ನರಾಶಿ ಬಿಡಿಸುತ್ತಿದ್ದ ಹನಿ ಗಾಬರಿಯಿಂದ ಮೆಟ್ಟಿಲೇರಿ ಬಂದಳು. “ತಾಳ ಯಾರು ಹಚ್ಚ್ಯಾರ? ಇವತ್ತ ಒರೆಗಾರ್ತಿ ಬರೂ ದಿನ ಅಲ್ಲಲ್ಲ?” ಎಂದಳು.

ನಾನು ಹಿಟ್ಟಿನ ಕೈಯಲ್ಲೇ ನಿನ್ನ ವಿಡಿಯೋ ಹಾಕಿ ಕೇಳಿದೆ. ಒಂದಾದ ಮೇಲೊಂದು ಕೇಳಿದೆ. ಟಪ ಟಪ ಟಪ. ನೀನು ಕ್ಯಾಮೆರಾದ ಮುಂದೆ ಕೂತು ಹೊಲಿಯುತ್ತಿದ್ದೀ, ನಿನ್ನ ಎರಡೂ ಕೈ ಕೌದಿಯ ಮೇಲಿವೆ. ರೊಟ್ಟಿ ಬಡಿಯುತ್ತಿರುವ ಕೈ ಯಾರದು? ನೀನು ದೊಡ್ಡ ಮಗನಿಗೆ ಮಗ್ಗಿ ಹೇಳಿಸುವಾಗ ಒಳಗೆಲ್ಲೋ ಕೂಸು ಅತ್ತು, ಯಾರದೋ ಹೆಗಲೇರಿದಂತೆ ಸುಮ್ಮನಾಗುತ್ತದೆ. ಯಾರ ಹೆಗಲು ಅದು? ನಮ್ಮ ಒಲೆಯ ಮೇಲೆ ತೂಗುವ ಆ ಮಂತ್ರವನ್ನೂ ಹುಡುಕಿ ಪೂರ್ತಿ ಕೇಳಿದೆ. “ಕಾಶವ್ವಕ್ಕಾ, ಸ್ವಲ್ಪ ತಡಿ” ಎಂದ ಮೇಲೆ ದನಿ ತಗ್ಗಿಸಿ, “ಬಡಿಯೂ ಸಪ್ಪಳ ಇದರಾಗ ಬರ್ತೈತಿ” ಎಂದಿದ್ದೀ. ಬಡಿತ ತಕ್ಷಣ ನಿಲ್ಲುತ್ತದೆ. ನೀನು ಮತ್ತೆ ಈ ಕಡೆ ತಿರುಗಿ, ಎಲ್ಲಾ ಒಬ್ಬಳೇ ಮಾಡುತ್ತೇನೆ ಎನ್ನುತ್ತೀ. ನಾಚಿಕೆಯಾಗಬೇಕು ನಿನಗೆ. ಅವಳು ನಿನ್ನ ನೆಗೆಣ್ಣಿಯೋ, ಕೆಲಸಕ್ಕೆ ಬರುತ್ತಿದ್ದವಳೋ ನನಗೆ ಗೊತ್ತಿಲ್ಲ. ಗೊತ್ತಾಗದಂತೆ ನೀನೇ ನೋಡಿಕೊಂಡಿದ್ದೀ. ಅಷ್ಟು ವಿಡಿಯೋಗಳಲ್ಲಿ ಅವಳ ಸೀರೆಯ ಅಂಚು ಕೂಡ ಕಾಣುವುದಿಲ್ಲ.

ರೊಟ್ಟಿ, ಹಲಗೆ, ವಿಡಿಯೋ ಎಲ್ಲ ಹೊತ್ತುಕೊಂಡು ಸುಶೀಲಕ್ಕನ ಮನೆಗೆ ಹೋದೆ. ಅವರೆದುರೇ ಬಡಿದು ತೋರಿಸಿದೆ. ಅವರು ಮೊದಲು ನಕ್ಕರು, ಆಮೇಲೆ ವಿಡಿಯೋ ಮತ್ತೊಮ್ಮೆ ಹಾಕಿಸಿದರು, ಆಮೇಲೆ ಗೋಡೆಗೆ ಒರಗಿ ಕೂತರು. “ನೆರಳವ್ವ, ನಾನೂ ಇದ ತಾಳಕ್ಕ ಮೂರು ಮಕ್ಕಳನ್ನ ಬೆಳಸೇನಿ. ಈಗ ಇದು ರೊಟ್ಟಿ ಸಪ್ಪಳ ಅಂದ್ರ, ನಾ ಇಷ್ಟು ವರ್ಷ ಬಂಡಿ ಹತ್ತಿಸಿ ಕಳಿಸಿದ ಕೂಸುಗಳ ಅವ್ವಂದಿರಿಗೆ ಏನಂತ ಹೇಳ್ಲಿ?” ಎಂದರು. ನಂಬುತ್ತಾರೆ, ಆದರೆ ನಂಬಿದ್ದನ್ನು ಮೇಲಿನವರ ಮುಂದೆ ಹೇಳುವ ಧೈರ್ಯವಿಲ್ಲ. ಸದ್ದು ಸಾಕ್ಷಿಯಾಗುವುದಿಲ್ಲವಂತೆ, ಚಿತ್ರದಲ್ಲಿ ಎರಡನೆಯ ಹೆಂಗಸು ಕಣ್ಣಿಗೆ ಕಾಣಬೇಕಂತೆ. ಅವರ ಮೇಲೂ ಸಿಟ್ಟು ಬಂತು. ಆದರೆ ಅವರು ಅಳತೆಕೋಲು ಹಿಡಿದವರು, ಕೋಲು ಕಡಿದು ಕೊಟ್ಟವಳು ನೀನು.

ನಿನಗೂ ಯಾರೋ ಚುಚ್ಚಿರಬೇಕು. ಮಕ್ಕಳನ್ನು ಶಾಲೆಗೆ ಕಳಿಸದೆ ಮನೆಯಲ್ಲಿ ಕೂರಿಸಿಕೊಂಡಿದ್ದಾಳೆ, ಹೊಲಿಗೆ ಹಿಡಿದು ಕೂರುತ್ತಾಳೆ, ಮನೆ ಹೇಗೆ ನಡೆದೀತು ಎಂದು ನೆಂಟರು ಆಡಿಕೊಂಡಿರಬೇಕು. ಅವರ ಬಾಯಿ ಮುಚ್ಚಿಸಲು ನೀನು ಇಷ್ಟೆಲ್ಲ ಮಾಡಿರಬೇಕು ಎಂದು ರಾತ್ರಿ ಸಂಗಣ್ಣ ಸಮಾಧಾನ ಹೇಳಿದ. ಇರಬಹುದು. ಅದರಿಂದ ನನ್ನ ಸಿಟ್ಟು ಒಂದು ಎಳೆಯಷ್ಟೂ ಇಳಿಯುವುದಿಲ್ಲ. ನೀನು ದಣಿದಿದ್ದರೆ ದಣಿದೆ ಎನ್ನಬಹುದಿತ್ತು. ಇಬ್ಬರು ಸೇರಿ ಮಾಡಿದ್ದನ್ನು ಇಬ್ಬರು ಮಾಡಿದೆವು ಎಂದಿದ್ದರೆ ನಿನ್ನ ಕೌದಿಯ ಒಂದು ಹೊಲಿಗೆಯೂ ಬಿಚ್ಚುತ್ತಿರಲಿಲ್ಲ. ನಿನ್ನ ಪಾಠ ಒಳ್ಳೆಯದಿದೆ, ಭಿನ್ನರಾಶಿಯನ್ನು ಕೌದಿಯ ತುಂಡುಗಳಿಂದ ಹೇಳಿಕೊಡುವುದನ್ನು ನಾನು ನಿನ್ನಿಂದಲೇ ಕಲಿತದ್ದು. ಅಷ್ಟು ಬಲ್ಲವಳಿಗೆ ಈ ಸುಳ್ಳು ಯಾಕೆ ಬೇಕಿತ್ತು ಎಂಬುದೇ ನನ್ನ ಹೊಟ್ಟೆ ಉರಿಸುತ್ತದೆ.

ಈಗ ನಾನು ಕೇಳುವುದು ಇಷ್ಟೇ. ಈ ಕಾಗದ ಓದಿ ಮುಗಿಸಿದ ಕೂಡಲೇ ಕ್ಯಾಮೆರಾ ಎತ್ತಿಕೊಂಡು ಅಡುಗೆಮನೆಗೆ ನಡೆ. ಕಾಶವ್ವನನ್ನು ಸೆರಗು ಸರಿಮಾಡಿಕೊ ಎಂದು ಕಾಯಿಸಬೇಡ, ಪಾತ್ರೆ ಸರಿಸಬೇಡ, ಹೇಗಿದ್ದಾಳೋ ಹಾಗೆ ತೋರಿಸು. ಅವಳ ಹೆಸರು ಹೇಳು, ಅವಳು ನಿನಗೆ ಏನಾಗಬೇಕೆಂದು ಹೇಳು, ಬೆಳಗಿನಿಂದ ಅವಳು ಏನೇನು ಮಾಡಿದಳೆಂದು ಅವಳ ಬಾಯಿಂದಲೇ ಹೇಳಿಸು. ಒಂದೇ ವಿಡಿಯೋ ಸಾಕು. ಅದೊಂದು ಇದ್ದರೆ ಸಮಿತಿಗೆ ಈ ಮಟ್ಟ ಸಿಗುವುದಿಲ್ಲ, ನಾನು ಈ ಕಾಗದ ಬರೆದದ್ದು ನನಗೇ ನೆನಪಿರುವುದಿಲ್ಲ. ಮರೆತರೂ ಚಿಂತೆಯಿಲ್ಲ.

ಹನಿಯ ಬಟ್ಟೆಗಳನ್ನು ಮಡಿಚಿಟ್ಟಿದ್ದೇನೆ, ಗಂಟು ಕಟ್ಟಿಲ್ಲ. ನಾಡಿದ್ದು ನಸುಕಿನವರೆಗೂ ಕಟ್ಟುವುದಿಲ್ಲ. ಬಂಡಿ ಬಂದೇಬಿಟ್ಟರೆ, ತನ್ನನ್ನು ಯಾರು ಕಳಿಸುತ್ತಿದ್ದಾರೆ ಎಂದು ಅವಳು ಕೇಳೇ ಕೇಳುತ್ತಾಳೆ. ನಾನು ಸುಶೀಲಕ್ಕನ ಹೆಸರು ಹೇಳುವುದಿಲ್ಲ.

ನಿನ್ನ ರಕ್ತದವಳು,
ನೆರಳವ್ವ