ಬಚ್ಚಪ್ಪಣ್ಣನ ಎರಡು ಹಿಡಿಗಳು

೨೦-೧೧-೧೯೮೮, ಭಾನುವಾರ. ಆಲಸನತ್ತಂ.

ಗುಂಡು ತಲೆಯ ಹಿಡಿಯೋ, ಉದ್ದನೆಯದೋ? ಬೆಳಗಿನಿಂದ ಇದೇ ತಲೆ ತಿನ್ನುತ್ತಿದೆ. ಬಸ್ ಸ್ಟ್ಯಾಂಡ್ ಹತ್ತಿರ ವಿಡಿಯೋ ಗೇಮ್ ಅಂಗಡಿ ಇಟ್ಟಿರುವ ಬಚ್ಚಪ್ಪಣ್ಣ ಕರಾಟೆ ಆಟದ ಯಂತ್ರಕ್ಕೆ ಹೊಸ ಹಿಡಿ, ಅದೇ ಜಾಯ್‌ಸ್ಟಿಕ್, ಹಾಕಬೇಕಂತೆ. "ನೀನು ಫ್ಯಾಕ್ಟ್ರಿ ಫಿಟ್ಟರು, ನೀನೇ ಒಂದು ಆರಿಸ್ಕೊಡಪ್ಪ" ಎಂದು ಎರಡನ್ನೂ ಕೊಟ್ಟು ಕಳಿಸಿದ್ದಾನೆ. ಹಿಡಿಯನ್ನು ಗಿರ್ರನೆ ತಿರುಗಿಸಿದರೇ ಪರದೆಯ ಮೇಲಿನವನು ಹಾರಿ ಒದೆಯುವುದು.

ಎರಡನ್ನೂ ಹಲಗೆಗೆ ಬಿಗಿದು ಜಗಲಿಯಲ್ಲಿ ಕೂತು ತಿರುಗಿಸಿದೆ, ತಿರುಗಿಸಿದೆ. ಅಂಗೈಯಲ್ಲಿ ಎರಡು ಬೊಬ್ಬೆ ಎದ್ದವೇ ಹೊರತು ಯಾವುದು ಮೇಲೆಂದು ತಿಳಿಯಲಿಲ್ಲ. ಥೂ!

ಒಳಗೆ ರಾಗಿ ಬೀಸುತ್ತಿದ್ದ ಅಮ್ಮ ಎದ್ದು ಬಂದಳು.

"ಅದ್ಯಾಕ್ಲಾ ಕೋಳಿ ಕತ್ತು ಹಿಸುಕ್ದಂಗೆ ಹಿಡ್ಕಂಡಿದ್ದೀಯ? ಬೀಸೋ ಕಲ್ಲಿನ ಗೂಟ ಹಿಡಿಯೋ ಹಂಗೆ ಸಡಿಲ ಹಿಡ್ಕ. ಗೂಟ ಕೈಯೊಳಗೇ ತಿರುಗ್ಬೇಕು ಕಣ್ಲಾ."

ಉದ್ದನೆಯದನ್ನು ಹಿಡಿದು ಸುತ್ತಿದಳು. ನೀರು ಕದಡಿದಷ್ಟು ಹಗುರ. ಗುಂಡು ತಲೆಯದೂ ಅವಳ ಕೈಯಲ್ಲಿ ಹಾಗೆಯೇ ತಿರುಗಿತು! ಅವಳ ಅಂಗೈ ಹಿಡಿದು ನೋಡಿದೆ. ಇಷ್ಟು ವರ್ಷ ಬೀಸಿದ್ದಾಳೆ, ಒಂದು ಬೊಬ್ಬೆಯಿಲ್ಲ.

"ಇದ್ರಾಗೆ ಏನ್ಲಾ ಬೀಸೋದು?" ಎಂದಳು. ಹೊಡೆದಾಡುವ ಆಟ ಎಂದೆ. ಸೆರಗು ಬಾಯಿಗಿಟ್ಟು ನಕ್ಕಳು.

ಬಚ್ಚಪ್ಪಣ್ಣನಿಗೆ ಉದ್ದನೆಯದು ಎನ್ನುತ್ತೇನೆ, ಗೂಟದ ಹಾಗಿದೆ. ಆದರೆ ಆ ಯಂತ್ರದಲ್ಲಿ ನನ್ನೆದುರು ಅಮ್ಮನೇ ನಿಂತರೆ ನಾನು ಎಷ್ಟು ಹೊತ್ತು ಉಳಿದೇನು?